ಅಸಲು, ನಕಲು, ಮುಕಾಬಲಾ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಪರಿಚಯದ ಕಿರಿಯ ಉಪನ್ಯಾಸಕರೊಬ್ಬರು ಮನೆಗೆ ಬಂದಿದ್ದರು. ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ ಹದಿನೆಂಟು ಪುಟಗಳನ್ನು ಮೇಜಿನ ಮೇಲಿಟ್ಟರು. ಕರಾವಳಿಯ ತಮ್ಮೂರಿನ ಹಳೆಯ ಮಸೀದಿಯೊಂದರ ಜಮೀನಿನ ಕಾಗದಪತ್ರಗಳನ್ನು ನಾಲ್ಕು ವರ್ಷ ಕೂತು ಓದಿ ಬರೆದ ಸಂಶೋಧನಾ ಲೇಖನವದು. ದಫ್ತರದ ಧೂಳು ಕುಡಿದು ಅವರಿಗೆ ಕೆಮ್ಮು ಹಿಡಿದದ್ದು ನಮಗೆ ಗೊತ್ತಿತ್ತು. ಲೇಖನ ಮುಗಿಯಿತೆಂಬ ಸಂತೋಷ ಮುಖದಲ್ಲಿತ್ತು. ಜೊತೆಗೆ ಒಂದು ಸಂಶಯವೂ ಇತ್ತು.

“ಒಂದು ಪತ್ರಿಕೆಗೆ ಕಳಿಸಿದೆ ಸರ್. ಎರಡೇ ದಿನದಲ್ಲಿ ಒಪ್ಪಿಗೆ ಬಂತು. ತಜ್ಞರು ಓದಿದ್ದಾರಂತೆ. ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲವಂತೆ. ಶುಲ್ಕ ಮಾತ್ರ ಈ ವಾರವೇ ಕಟ್ಟಬೇಕು. ಕಟ್ಟಿಬಿಡಲೇ?”

ನಾವು ಪುಟ ತಿರುವಿದೆವು. ದಾನ ಕೊಟ್ಟವರ ಹೆಸರು ಮೂರನೆಯ ಪುಟದಲ್ಲಿ ಒಂದು ರೀತಿ, ಏಳನೆಯ ಪುಟದಲ್ಲಿ ಇನ್ನೊಂದು ರೀತಿ ಇತ್ತು. ಓದಿದ ತಜ್ಞರ ಕಣ್ಣಿಗೆ ಇದೊಂದೂ ಬೀಳಲಿಲ್ಲವೇ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರೂ ಓದಿಲ್ಲ ಅನ್ನಿಸುತ್ತೆ ಸರ್” ಎಂದರು.

ಆ ರಾತ್ರಿಯಿಡೀ ಈ ಮಾತು ನಮ್ಮನ್ನು ಕಾಡಿತು. ವಿದ್ವಾಂಸನೊಬ್ಬ ತಾನು ತಿಳಿದದ್ದನ್ನು ಲೋಕಕ್ಕೆ ಒಪ್ಪಿಸುವ ಮೊದಲು ಅದನ್ನು ಸಿದ್ಧಪಡಿಸುತ್ತಾನಲ್ಲ, ಆ ಸಿದ್ಧತೆ ಎಂದರೇನು? ಅಂಚಿನ ಅಳತೆ, ಅಕ್ಷರದ ಗಾತ್ರ, ಟಿಪ್ಪಣಿ ಹಾಕುವ ಕ್ರಮ ಇಷ್ಟೇ ಏನು? ಇತಿಹಾಸದತ್ತ ಹೊರಳಿದರೆ ಬೇರೆಯೇ ಉತ್ತರ ಸಿಗುತ್ತದೆ. ಅದರ ಕೆಲವು ಎಳೆಗಳು ನಮ್ಮ ದಿನನಿತ್ಯದ ಕನ್ನಡದಲ್ಲೇ ಅಡಗಿವೆ.

ಮಸೂದೆ ಎಂಬ ಮಾತು

ವಿಧಾನಸಭೆಯಲ್ಲಿ ಮಂಡನೆಯಾಗುವ ಕಾನೂನಿನ ಕರಡನ್ನು ನಾವು ಮಸೂದೆ ಎನ್ನುತ್ತೇವೆ. ಅರಬ್ಬಿಯ ‘ಮುಸವ್ವದಾ’ ಎಂಬ ಶಬ್ದ ಫಾರ್ಸಿ, ಉರ್ದುಗಳ ದಾರಿ ಹಿಡಿದು ನಮ್ಮಲ್ಲಿ ಹೀಗಾಯಿತು. ಮುಸವ್ವದಾ ಎಂದರೆ ‘ಕಪ್ಪಾಗಿಸಿದ್ದು’. ಬರೆದು, ಹೊಡೆದು, ಮೇಲೆ ಬರೆದು, ಅಂಚಿನಲ್ಲಿ ಸೇರಿಸಿ ಶಾಯಿಯಿಂದ ಕಪ್ಪಾದ ಕರಡು ಪ್ರತಿ. ಅದನ್ನು ತಿದ್ದಿ, ಒಪ್ಪವಾಗಿ ಮತ್ತೆ ಬರೆದ ಪ್ರತಿಗೆ ‘ಮುಬಯ್ಯದಾ’ ಎಂದು ಹೆಸರು. ಅಂದರೆ ‘ಬೆಳ್ಳಗಾಗಿಸಿದ್ದು’. ಕಪ್ಪಿನಿಂದ ಬಿಳುಪಿಗೆ ಬರುವ ಈ ಪ್ರಯಾಣ ಮುಗಿಯುವ ತನಕ ಗ್ರಂಥ ಸಿದ್ಧವಾಯಿತೆಂದು ಯಾರೂ ಹೇಳುತ್ತಿರಲಿಲ್ಲ. ಕರಡನ್ನು ಮುಗಿಸಿ ಬಿಳಿಪ್ರತಿ ಮಾಡುವ ಮೊದಲೇ ತೀರಿಕೊಂಡ ವಿದ್ವಾಂಸರಿದ್ದರು. ಅಂಥವರ ಶಿಷ್ಯರು ಉಳಿದ ಕೆಲಸವನ್ನು ಗುರುವಿನ ಸಾಲ ತೀರಿಸುವಂತೆ ಮಾಡಿ ಮುಗಿಸುತ್ತಿದ್ದರು.

ಇದು ನಡೆದದ್ದು ಕಾಗದ ಅಗ್ಗವಾದ ಮೇಲೆ. ಎಂಟನೆಯ ಶತಮಾನದ ಕೊನೆಯ ಹೊತ್ತಿಗೆ ಬಗ್ದಾದಿನಲ್ಲಿ ಕಾಗದ ತಯಾರಾಗತೊಡಗಿತು. ಚರ್ಮದ ಹಾಳೆಗಳ ಕಾಲ ಮುಗಿಯುತ್ತ ಬಂತು. ಒಂಬತ್ತನೆಯ ಶತಮಾನದ ಭೂಗೋಳಕಾರ ಯಾಕೂಬಿ ಬಗ್ದಾದನ್ನು ಬಣ್ಣಿಸುತ್ತ ಅಲ್ಲಿ ನೂರಕ್ಕೂ ಹೆಚ್ಚು ಪುಸ್ತಕದ ಅಂಗಡಿಗಳಿದ್ದವೆಂದು ದಾಖಲಿಸಿದ್ದಾರೆ. ಈ ಅಂಗಡಿಕಾರರನ್ನು ‘ವರ್ರಾಕ್’ ಎಂದು ಕರೆಯುತ್ತಿದ್ದರು. ಕಾಗದ ಮಾರುವವರು, ಪ್ರತಿ ಮಾಡುವವರು, ರಟ್ಟು ಕಟ್ಟುವವರು, ಪುಸ್ತಕ ಮಾರುವವರು ಎಲ್ಲರೂ ಅವರೇ. ಅವರಲ್ಲೊಬ್ಬರಾದ ಇಬ್ನುನ್ನದೀಮ್ ತಮ್ಮ ಕಾಲಕ್ಕೆ ಅರಬ್ಬಿಯಲ್ಲಿ ದೊರೆಯುತ್ತಿದ್ದ ಗ್ರಂಥಗಳ ಬೃಹತ್ ಸೂಚಿಯೊಂದನ್ನು ಸಿದ್ಧಪಡಿಸಿದರು. ಅದೇ 987ರ ‘ಅಲ್ ಫಿಹ್ರಿಸ್ತ್’. ಅದರಲ್ಲಿ ಅಲ್ಲಲ್ಲಿ ಖಾಲಿ ಜಾಗಗಳಿವೆ. ಒಬ್ಬ ಲೇಖಕ ತೀರಿಕೊಂಡ ವರ್ಷ ಖಚಿತವಾಗಿ ತಿಳಿಯದಿದ್ದರೆ ಇಬ್ನುನ್ನದೀಮ್ ಅಂದಾಜು ಬರೆದು ತುಂಬಲಿಲ್ಲ. ಮುಂದೆ ತಿಳಿದಾಗ ಬರೆಯಲೆಂದು ಜಾಗ ಬಿಟ್ಟರು.

ವೃತ್ತದೊಳಗಿನ ಚುಕ್ಕಿ

ಕನ್ನಡದಲ್ಲಿ ‘ಅಸಲು’, ‘ನಕಲು’ ಎನ್ನುವ ಜೋಡಿಪದಗಳಿವೆ. ಇವೂ ಅರಬ್ಬಿಯಿಂದಲೇ ಬಂದವು. ‘ಅಸ್ಲ್’ ಎಂದರೆ ಬೇರು, ಮೂಲ. ‘ನಕ್ಲ್’ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ವಿದ್ವಾಂಸರ ನಡುವೆ ಅದು ಗೌರವದ ಮಾತಾಗಿತ್ತು. ಗುರುವಿನ ಮಾತನ್ನು ಕೆಡದಂತೆ ಮುಂದಿನವರಿಗೆ ತಲುಪಿಸುವುದೇ ನಕ್ಲ್. ಪರೀಕ್ಷೆಯಲ್ಲಿ ‘ನಕಲು ಹೊಡೆಯುವುದು’ ಎಂಬ ಅರ್ಥಕ್ಕೆ ಅದು ಇಳಿದದ್ದು ನಮ್ಮ ಕಾಲದಲ್ಲಿ.

ನಕ್ಲ್ ಕೆಡದಿರಲು ಒಂದು ಕಟ್ಟುನಿಟ್ಟಿನ ಪದ್ಧತಿ ಬೆಳೆದಿತ್ತು. ಅದರ ಹೆಸರು ‘ಮುಕಾಬಲಾ’. ಇಂದು ಉರ್ದುವಿನಲ್ಲಿ ಮುಕಾಬಲಾ ಎಂದರೆ ಪೈಪೋಟಿ. ವರ್ರಾಕರ ಅಂಗಡಿಯಲ್ಲಿ ಅದರ ಅರ್ಥ ಎರಡು ಪ್ರತಿಗಳನ್ನು ಎದುರುಬದುರಾಗಿಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡುವುದು. ಒಬ್ಬರು ಅಸಲನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನಕಲಿನ ಮೇಲೆ ಕಣ್ಣಿಟ್ಟಿರಬೇಕು. ಮದೀನದ ಹಿರಿಯ ವಿದ್ವಾಂಸ ಉರ್ವಾ ಬಿನ್ ಝುಬೈರ್ ತಮ್ಮ ಮಗ ಹಿಶಾಮನನ್ನು ಬರೆದಾಯಿತೇ ಎಂದು ಕೇಳಿದರಂತೆ. ಆಯಿತು ಎಂದ ಮಗ. ತಾಳೆ ನೋಡಿದೆಯಾ ಎಂದರು. ಇಲ್ಲ ಎಂದಾಗ, ಹಾಗಾದರೆ ನೀನು ಬರೆದೇ ಇಲ್ಲ ಎಂದುಬಿಟ್ಟರಂತೆ. ಮುಂದಿನ ಶತಮಾನಗಳ ವಿದ್ವಾಂಸರು ಈ ಪ್ರಸಂಗವನ್ನು ತಮ್ಮ ವಿದ್ಯಾರ್ಥಿಗಳಿಗೆ ಮತ್ತೆಮತ್ತೆ ಹೇಳುತ್ತ ಬಂದರು.

ತಾಳೆ ನೋಡಿದ್ದಕ್ಕೆ ಗುರುತುಗಳೂ ಇದ್ದವು. ಹದೀಸ್ ಬರೆಯುವವರು ಒಂದು ಹದೀಸ್ ಮುಗಿದು ಇನ್ನೊಂದು ಆರಂಭವಾಗುವಲ್ಲಿ ಸಣ್ಣ ವೃತ್ತ ಹಾಕುತ್ತಿದ್ದರು. ವೃತ್ತವನ್ನು ಖಾಲಿ ಬಿಟ್ಟಿರಬೇಕು, ಅಸಲಿನೊಂದಿಗೆ ಹೋಲಿಸಿದ ಮೇಲಷ್ಟೇ ಅದರೊಳಗೆ ಚುಕ್ಕಿ ಇಡಬೇಕು ಎಂದು 1071ರಲ್ಲಿ ತೀರಿಕೊಂಡ ಖತೀಬ್ ಅಲ್ ಬಗ್ದಾದಿ ಸಲಹೆ ಕೊಟ್ಟಿದ್ದರು. ಪುಟ ನೋಡಿದವನಿಗೆ ಯಾವ ಭಾಗ ಪರಿಶೀಲನೆಗೆ ಒಳಗಾಗಿದೆ, ಯಾವುದು ಆಗಿಲ್ಲ ಎನ್ನುವುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಒಂದು ಕೂಟದಲ್ಲಿ ಎಲ್ಲಿಯವರೆಗೆ ತಾಳೆ ನೋಡಲಾಯಿತೋ ಅಲ್ಲಿ ಅಂಚಿನಲ್ಲಿ ‘ಬಲಗ’, ಅಂದರೆ ‘ಇಲ್ಲಿಗೆ ಮುಟ್ಟಿತು’ ಎಂದು ಬರೆಯುತ್ತಿದ್ದರು. ತಪ್ಪಿನಂತೆ ಕಂಡರೂ ಸರಿಯಾಗಿರುವ ಪದದ ಮೇಲೆ ‘ಸಹ್ಹ’ ಎಂಬ ಗುರುತು. ಮೂಲದಲ್ಲಿ ಹಾಗೆಯೇ ಇದೆ, ಆದರೆ ಸಂಶಯಾಸ್ಪದ ಎನ್ನುವುದಕ್ಕೆ ಬೇರೆ ಗುರುತು. ಅಂದರೆ ಪ್ರತಿಕಾರ ತನ್ನ ಊಹೆಯನ್ನು ಮೂಲದೊಳಗೆ ನುಗ್ಗಿಸುವಂತಿರಲಿಲ್ಲ.

1245ರಲ್ಲಿ ದಮಸ್ಕಸಿನಲ್ಲಿ ತೀರಿಕೊಂಡ ಇಬ್ನುಸ್ಸಲಾಹ್ ಹದೀಸ್ ಶಾಸ್ತ್ರದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬರವಣಿಗೆಯ ಶಿಸ್ತಿಗೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ತಪ್ಪನ್ನು ಚಾಕುವಿನಿಂದ ಕೆರೆದು ಅಳಿಸುವುದಕ್ಕಿಂತ ಗೆರೆ ಎಳೆದು ಹೊಡೆಯುವುದು ಮೇಲು ಎನ್ನುವುದು ಅಲ್ಲಿ ಬರುವ ಒಂದು ನಿಯಮ. ಹಿರಿಯರು ಪಾಠದ ಕೂಟಕ್ಕೆ ಚಾಕು ತರುವುದನ್ನೇ ಇಷ್ಟಪಡುತ್ತಿರಲಿಲ್ಲವಂತೆ. ಕಾರಣ ಸರಳ. ಇಂದು ತಪ್ಪೆಂದು ಕೆರೆದು ಹಾಕಿದ ಪದ ನಾಳೆ ಇನ್ನೊಬ್ಬ ಗುರುವಿನ ಪಾಠದಲ್ಲಿ ಸರಿಯೆಂದು ತಿಳಿಯಬಹುದು. ಗೆರೆ ಎಳೆದಿದ್ದರೆ ಅಡಿಯ ಪದ ಉಳಿದಿರುತ್ತದೆ. ಬರೆದವನು ಮೊದಲು ಏನೆಂದುಕೊಂಡಿದ್ದ, ಆಮೇಲೆ ಏಕೆ ಬದಲಿಸಿದ ಎನ್ನುವುದು ಓದುವವನ ಕಣ್ಣೆದುರಿಗೇ ಇರುತ್ತದೆ. ಅಕ್ಷರಗಳನ್ನು ತೀರಾ ಸಣ್ಣದಾಗಿ ಬರೆಯಬೇಡಿ, ಮುಪ್ಪಿನಲ್ಲಿ ಕಣ್ಣು ಮಂಜಾದಾಗ ನಿಮ್ಮ ಪುಸ್ತಕ ನಿಮಗೇ ಒದಗುವುದಿಲ್ಲ ಎಂಬ ಎಚ್ಚರಿಕೆಯೂ ಇದೇ ಪರಂಪರೆಯದು.

ಗ್ರಂಥವನ್ನು ಸಭೆಯಲ್ಲಿ ಓದಿಸಿದ ಮೇಲೆ ಕೇಳಿದವರ ಹೆಸರು, ಸ್ಥಳ, ದಿನಾಂಕಗಳನ್ನು ಹಸ್ತಪ್ರತಿಯಲ್ಲೇ ಬರೆದಿಡುತ್ತಿದ್ದರು. ಇವನ್ನು ‘ಸಮಾ’ ಪತ್ರಗಳು ಎನ್ನುತ್ತಾರೆ. ಹನ್ನೆರಡು, ಹದಿಮೂರನೆಯ ಶತಮಾನದ ದಮಸ್ಕಸಿನಿಂದಲೇ ಇಂಥವು ಸಾವಿರಗಟ್ಟಲೆ ಉಳಿದು ಬಂದಿವೆ. ಮಹಿಳೆಯರ, ಮಕ್ಕಳ ಹೆಸರುಗಳೂ ಅವುಗಳಲ್ಲಿವೆ. ತಡವಾಗಿ ಬಂದವರು ಯಾವ ಭಾಗ ಕೇಳಲಿಲ್ಲ, ಯಾರು ತೂಕಡಿಸುತ್ತಿದ್ದರು ಎಂದು ಕೂಡ ಕೆಲವು ಪತ್ರಗಳು ಗುರುತು ಹಾಕಿವೆ! ಕೇಳದೆ ಕೇಳಿದೆನೆಂದು ಹೇಳುವ ಹಕ್ಕು ಯಾರಿಗೂ ಇರಲಿಲ್ಲ.

ಹುನೈನ್‌ರ ಇಪ್ಪತ್ತು ವರ್ಷ

ಈ ಶಿಸ್ತು ಧರ್ಮಶಾಸ್ತ್ರದವರಿಗೆ ಮಾತ್ರ ಸೀಮಿತವಾಗಿರಲಿಲ್ಲ, ಮುಸ್ಲಿಮರಿಗೆ ಮಾತ್ರವೂ ಅಲ್ಲ. ಒಂಬತ್ತನೆಯ ಶತಮಾನದ ಬಗ್ದಾದಿನ ಮಹಾನ್ ಅನುವಾದಕ ಹುನೈನ್ ಬಿನ್ ಇಸ್ಹಾಕ್ ನೆಸ್ಟೋರಿಯನ್ ಕ್ರೈಸ್ತರು, ವೃತ್ತಿಯಿಂದ ವೈದ್ಯರು. ಗ್ರೀಕ್ ವೈದ್ಯ ಗೇಲನ್ನನ ಗ್ರಂಥಗಳನ್ನು ತಾವು ಹೇಗೆ ಅನುವಾದಿಸಿದೆವು ಎಂದು ವಿವರಿಸುವ ಒಂದು ಪತ್ರವನ್ನು ಅವರು ಬರೆದಿಟ್ಟಿದ್ದಾರೆ. ಸಂಶೋಧಕರೆಲ್ಲ ಒಮ್ಮೆ ಓದಬೇಕಾದ ಬರಹ ಅದು.

ಅದರಲ್ಲಿ ಬರುವ ಒಂದು ಪ್ರಸಂಗ ಇಲ್ಲಿ ಮುಖ್ಯ. ಇಪ್ಪತ್ತರ ಹರೆಯದಲ್ಲಿ ಹುನೈನ್ ವೈದ್ಯ ಪಂಥಗಳ ಬಗೆಗಿನ ಗೇಲನ್ನನ ಗ್ರಂಥವನ್ನು ಸಿರಿಯಾಕ್ ಭಾಷೆಗೆ ತಂದಿದ್ದರು. ಕೈಗೆ ಸಿಕ್ಕಿದ್ದು ದೋಷಗಳಿಂದ ತುಂಬಿದ ಒಂದೇ ಗ್ರೀಕ್ ಪ್ರತಿ. ನಲವತ್ತರ ಹೊತ್ತಿಗೆ ಶಿಷ್ಯ ಹುಬೈಶ್ ಆ ಅನುವಾದವನ್ನು ತಿದ್ದಿಕೊಡಿ ಎಂದು ಕೇಳಿದ. ಅಷ್ಟರಲ್ಲಿ ಹುನೈನ್‌ರ ಬಳಿ ಅದೇ ಗ್ರಂಥದ ಹಲವು ಗ್ರೀಕ್ ಪ್ರತಿಗಳು ಸೇರಿದ್ದವು. ಅವರು ನೇರವಾಗಿ ಅನುವಾದಕ್ಕೆ ಕೈ ಹಚ್ಚಲಿಲ್ಲ. ಮೊದಲು ಗ್ರೀಕ್ ಪ್ರತಿಗಳನ್ನು ಪರಸ್ಪರ ಹೋಲಿಸಿ ಒಂದು ಶುದ್ಧ ಪ್ರತಿ ಮಾಡಿಕೊಂಡರು. ಆಮೇಲೆ ತಮ್ಮ ಹಳೆಯ ಅನುವಾದವನ್ನು ಅದರ ಎದುರಿಗಿಟ್ಟು ತಿದ್ದಿದರು. ಎಲ್ಲ ಅನುವಾದಗಳಲ್ಲೂ ಇದೇ ತಮ್ಮ ಪದ್ಧತಿ ಎಂದೂ ಹೇಳಿಕೊಂಡಿದ್ದಾರೆ. ಗೇಲನ್ನನ ಇನ್ನೊಂದು ಗ್ರಂಥಕ್ಕಾಗಿ ಸಿರಿಯಾ, ಪ್ಯಾಲೆಸ್ಟೈನ್, ಈಜಿಪ್ಟ್ ಅಲೆದು ಅಲೆಕ್ಸಾಂಡ್ರಿಯದವರೆಗೂ ಹೋದರು. ಕೊನೆಗೆ ದಮಸ್ಕಸಿನಲ್ಲಿ ಅದರ ಸುಮಾರು ಅರ್ಧ ಭಾಗ ಮಾತ್ರ ಸಿಕ್ಕಿತು. ಸಿಕ್ಕಿದ್ದು ಅರ್ಧವೆಂದೇ ಬರೆದಿಟ್ಟರು.

ಹೆಸರು, ಕೀರ್ತಿ, ರಾಜಾಶ್ರಯ ಎಲ್ಲ ಬಂದ ಮೇಲೆ ಇಪ್ಪತ್ತು ವರ್ಷ ಹಿಂದಿನ ತನ್ನ ತಪ್ಪನ್ನು ಶಿಷ್ಯನ ಮಾತಿನ ಮೇಲೆ ಮತ್ತೆ ತೆರೆದು ನೋಡಲು ಎಂಥ ಮನಸ್ಸು ಬೇಕು! ಇಂದಿನ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಂಥ ಗುರುಗಳೂ, ಹೀಗೆ ಕೇಳುವ ಧೈರ್ಯವಿರುವ ಶಿಷ್ಯರೂ ಎಷ್ಟು ಮಂದಿ ಇದ್ದಾರೆ?

ಬಗ್ದಾದಿನಿಂದ ಲಂಡನ್ನಿಗೆ

ವಿದ್ವತ್ ಪತ್ರಿಕೆಗಳಲ್ಲಿ ಇಂದು ನಡೆಯುವ ತಜ್ಞರ ಪರಿಶೀಲನೆಯೂ ಮುಸ್ಲಿಮ್ ಜಗತ್ತಿನಲ್ಲೇ ಹುಟ್ಟಿತೆಂದು ಕೆಲವರು ಅಭಿಮಾನದಿಂದ ಬರೆಯುವುದುಂಟು. ಅದಕ್ಕೆ ಒಂಬತ್ತನೆಯ ಶತಮಾನದ ಇಸ್ಹಾಕ್ ಬಿನ್ ಅಲಿ ಅಲ್ ರುಹಾವಿಯ ವೈದ್ಯನೀತಿಯ ಗ್ರಂಥವನ್ನು ಆಧಾರವಾಗಿ ಕೊಡುತ್ತಾರೆ. ವೈದ್ಯರು ರೋಗಿಯ ಸ್ಥಿತಿ, ಕೊಟ್ಟ ಚಿಕಿತ್ಸೆಗಳನ್ನು ಬರೆದಿಡಬೇಕು, ರೋಗಿ ಸತ್ತರೆ ಬೇರೆ ವೈದ್ಯರು ಅದನ್ನು ಪರೀಕ್ಷಿಸಬೇಕು ಎಂಬ ವಿಚಾರ ಅಲ್ಲಿದೆ. ಒಳ್ಳೆಯ ವಿಚಾರವೇ ಸರಿ. ಆದರೆ ಅದು ಚಿಕಿತ್ಸೆಯ ವಿಚಾರಣೆ. ಲೇಖನವನ್ನು ಪ್ರಕಟಣೆಗೆ ಮುನ್ನ ಪರಿಶೀಲಿಸುವುದು ಬೇರೆ. ಇರುವ ಹಿರಿಮೆ ಸಾಲದೆಂದು ಇಲ್ಲದ್ದನ್ನು ಸೇರಿಸಿಕೊಂಡರೆ ಖಾಲಿ ವೃತ್ತದೊಳಗೆ ನಾವೇ ಚುಕ್ಕಿ ಇಟ್ಟಂತಾಗುತ್ತದೆ.

ಪತ್ರಿಕೆಯ ರೂಪ ಬಂದದ್ದು ಯುರೋಪಿನಲ್ಲಿ. 1665ರ ಜನವರಿಯಲ್ಲಿ ಪ್ಯಾರಿಸಿನಿಂದ ಒಂದು ವಿದ್ವತ್ ಪತ್ರಿಕೆ ಹೊರಟಿತು. ಅದೇ ಮಾರ್ಚಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಆರಂಭಿಸಿದರು. ಏನು ಅಚ್ಚಾಗಬೇಕು ಎನ್ನುವುದು ಬಹುಮಟ್ಟಿಗೆ ಅವರೊಬ್ಬರದೇ ತೀರ್ಮಾನ. 1752ರಲ್ಲಿ ಸೊಸೈಟಿ ಪತ್ರಿಕೆಯನ್ನು ತನ್ನ ಕೈಗೆ ತೆಗೆದುಕೊಂಡು ಲೇಖನಗಳ ಆಯ್ಕೆಗೆ ಸಮಿತಿ ಮಾಡಿತು. ತಜ್ಞರಿಂದ ಲಿಖಿತ ಅಭಿಪ್ರಾಯ ಪಡೆಯುವ ಪದ್ಧತಿ ಶುರುವಾದದ್ದು 1830ರ ದಶಕದಲ್ಲಿ. ಖಗೋಳಶಾಸ್ತ್ರಜ್ಞ ಜಾರ್ಜ್ ಏರಿ ಅವರ ಲೇಖನವನ್ನು ವಿಲಿಯಮ್ ಹ್ಯೂಯೆಲ್ ಮತ್ತು ಜಾನ್ ಲಬಕ್ ಎಂಬ ಇಬ್ಬರಿಗೆ ಒಪ್ಪಿಸಲಾಯಿತು. ಒಬ್ಬರಿಗೆ ಲೇಖನದ ಹಿರಿಮೆಯನ್ನು ಎತ್ತಿ ಹೇಳುವ ಆಸೆ, ಇನ್ನೊಬ್ಬರಿಗೆ ಅದರ ದೋಷಗಳನ್ನು ತೋರಿಸುವ ಹಟ. ಆರಂಭದಲ್ಲೇ ಜಗಳ! ಈ ಪದ್ಧತಿ ಎಲ್ಲೆಡೆ ಕಡ್ಡಾಯವಾಗಲು ಮತ್ತೂ ಬಹುಕಾಲ ಹಿಡಿಯಿತು. ಹೆಸರಾಂತ ‘ನೇಚರ್’ ಪತ್ರಿಕೆ ಕೂಡ ಅದನ್ನು ನಿಯಮವಾಗಿಸಿದ್ದು 1973ರಲ್ಲಿ.

ಬೆಂಗಳೂರಿನ ಸಂಪಾದಕರು

ಈ ಇತಿಹಾಸದ ಒಂದು ಹೊಳೆಯುವ ಪುಟ ನಮ್ಮ ಬೆಂಗಳೂರಿನದು. 1907ರಲ್ಲಿ ವಿ. ರಾಮಸ್ವಾಮಿ ಅಯ್ಯರ್ ಅವರ ಪ್ರಯತ್ನದಿಂದ ಭಾರತೀಯ ಗಣಿತ ಸಂಘ ಹುಟ್ಟಿಕೊಂಡಿತು. ಅದರ ಪತ್ರಿಕೆಯ ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತ ಅಧ್ಯಾಪಕ ಎಂ.ಟಿ. ನಾರಾಯಣ ಅಯ್ಯಂಗಾರ್. 1911ರಲ್ಲಿ ಅವರ ಮೇಜಿಗೆ ಬರ್ನೂಲಿ ಸಂಖ್ಯೆಗಳ ಕುರಿತ ಒಂದು ಹಸ್ತಪ್ರತಿ ಬಂತು. ಬರೆದವನಿಗೆ ಪದವಿ ಇರಲಿಲ್ಲ, ಕೆಲಸವಿರಲಿಲ್ಲ. ಕಾಲೇಜು ಪರೀಕ್ಷೆಯಲ್ಲಿ ಅನುತ್ತೀರ್ಣನಾದವನು. ಕಾಗದ ದುಬಾರಿಯೆಂದು ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಫಲಿತಾಂಶ ಮಾತ್ರ ನೋಟ್‌ಬುಕ್ಕಿಗೆ ಏರಿಸುತ್ತಿದ್ದವನು. ಹೆಸರು ಶ್ರೀನಿವಾಸ ರಾಮಾನುಜನ್. ವಯಸ್ಸು 23.

ಆ ಹಸ್ತಪ್ರತಿಯಲ್ಲಿ ಅಪಾರ ಪ್ರತಿಭೆಯಿತ್ತು. ಆದರೆ ಓದುವವನಿಗೆ ದಾರಿ ಇರಲಿಲ್ಲ. ಒಂದು ಮೆಟ್ಟಿಲಿನಿಂದ ನಾಲ್ಕನೆಯ ಮೆಟ್ಟಿಲಿಗೆ ಜಿಗಿಯುವುದು ರಾಮಾನುಜನ್ ಅವರಿಗೆ ಸಹಜ. ಹಿಂದೆ ಬರುವವರು ಏನು ಮಾಡಬೇಕು? ಅವರ ವಿಧಾನ ತೀರಾ ಸಂಕ್ಷಿಪ್ತ, ತೀರಾ ಹೊಸದು, ನಿರೂಪಣೆಯಲ್ಲಿ ಸ್ಪಷ್ಟತೆ ಸಾಲದು, ಸಾಮಾನ್ಯ ಓದುಗ ಹಿಂಬಾಲಿಸಲಾರ ಎಂದು ಸಂಪಾದಕರು ಕಂಡುಕೊಂಡರು. ಇಲ್ಲಿ ಅವರಿಗೆ ಎರಡು ಸುಲಭದ ದಾರಿಗಳಿದ್ದವು. ಅರ್ಥವಾಗದ್ದನ್ನು ತಿರಸ್ಕರಿಸಿಬಿಡುವುದು ಒಂದು. ಪ್ರತಿಭೆಗೆ ಬೆರಗಾಗಿ ಇದ್ದಂತೆಯೇ ಅಚ್ಚಿಗೆ ಕಳಿಸುವುದು ಇನ್ನೊಂದು. ನಾರಾಯಣ ಅಯ್ಯಂಗಾರ್ ಎರಡನ್ನೂ ಬಿಟ್ಟು ಕಷ್ಟದ ದಾರಿ ಹಿಡಿದರು. ಹಸ್ತಪ್ರತಿಯನ್ನು ತಿದ್ದಲು ಹಿಂದಿರುಗಿಸಿದರು. ಬಂದದ್ದನ್ನು ಓದಿ ಮತ್ತೆ ಹಿಂದಿರುಗಿಸಿದರು. ಹೀಗೆ ಮೂರು ಬಾರಿ ಅದು ಲೇಖಕ, ಸಂಪಾದಕರ ನಡುವೆ ಓಡಾಡಿತು. ಕೊನೆಗೆ 1911ರ ಸಂಚಿಕೆಯಲ್ಲಿ ಅಚ್ಚಾಯಿತು. ರಾಮಾನುಜನ್ ಅವರ ಮೊದಲ ಪ್ರಕಟಿತ ಸಂಶೋಧನಾ ಲೇಖನ ಅದೇ.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದು. 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಹಾರ್ಡಿಗೆ ಪತ್ರ, 1914ರಲ್ಲಿ ಇಂಗ್ಲೆಂಡಿಗೆ ಪ್ರಯಾಣ, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ, 1920ರ ಏಪ್ರಿಲ್ 26ರಂದು 32ನೆಯ ವಯಸ್ಸಿನಲ್ಲಿ ನಿಧನ. ಆದರೆ ಹಾರ್ಡಿಗಿಂತ ಮೊದಲು ಬೆಂಗಳೂರಿನ ಒಬ್ಬ ಅಧ್ಯಾಪಕರು ಆ ತರುಣನಿಗೆ ಬರೆಯುವ ಶಿಸ್ತಿನ ಮೊದಲ ಪಾಠ ಹೇಳಿದರೆನ್ನುವುದನ್ನು ನಾವು ಕನ್ನಡಿಗರೇ ಮರೆತಿದ್ದೇವೆ. ಹೀಗೆ ತಿದ್ದುವ ಕೈ ಸಿಗದಿದ್ದರೆ ಏನಾಗುತ್ತಿತ್ತು? ಅದಕ್ಕೆ ಉತ್ತರ ರಾಮಾನುಜನ್ ಅವರ ನೋಟ್‌ಬುಕ್ಕುಗಳಲ್ಲೇ ಇದೆ. ಸಾಧನೆಗಳನ್ನು ಬರೆಯದೆ ಬಿಟ್ಟುಹೋದ ಮೂರು ಸಾವಿರಕ್ಕೂ ಹೆಚ್ಚು ಫಲಿತಾಂಶಗಳು ಅವುಗಳಲ್ಲಿದ್ದವು. ಅಮೆರಿಕದ ಗಣಿತಜ್ಞ ಬ್ರೂಸ್ ಬರ್ಂಟ್ ಅವುಗಳನ್ನು ಒಂದೊಂದಾಗಿ ಪರಿಶೀಲಿಸಿ, ಸಾಧಿಸಿ ಪ್ರಕಟಿಸಿದ ಐದು ಸಂಪುಟಗಳು ಹೊರಬಂದದ್ದು 1985ರಿಂದ 1998ರ ನಡುವೆ. ಒಬ್ಬನು ಸ್ಲೇಟಿನಿಂದ ಒರೆಸಿದ್ದನ್ನು ಮತ್ತೆ ಬರೆಯಲು ಇನ್ನೊಬ್ಬನ ಅರ್ಧ ಆಯುಷ್ಯ ಹಿಡಿಯಿತು.

ತಜ್ಞರೂ ತಪ್ಪುತ್ತಾರೆ

ಹಾಗೆಂದು ಪರಿಶೀಲಿಸುವವರು ಯಾವಾಗಲೂ ಸರಿ ಎಂದಲ್ಲ. ಇದಕ್ಕೆ ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ಸಲಾಂ ಅವರ ಅನುಭವವೇ ಸಾಕ್ಷಿ. ಅವರ ಮೊದಲ ಪ್ರಕಟಿತ ಬರಹ ರಾಮಾನುಜನ್ ಅವರ ಒಂದು ಸಮಸ್ಯೆಯ ಮೇಲಿನದು. 1943ರಲ್ಲಿ, ಲಾಹೋರಿನ ಸರಕಾರಿ ಕಾಲೇಜಿನ ಹದಿನೇಳರ ಹುಡುಗನಾಗಿದ್ದಾಗ, ಭಾರತೀಯ ಗಣಿತ ಸಂಘದ್ದೇ ಇನ್ನೊಂದು ಪತ್ರಿಕೆಯಲ್ಲಿ ಅದು ಬಂದಿತ್ತು.

1956ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಿಯಾಟಲ್ ಸಮ್ಮೇಳನದಿಂದ ಮರಳುವಾಗ ರಾತ್ರಿಯ ವಿಮಾನದಲ್ಲಿ ನಿದ್ದೆ ಬಾರದೆ ಕುಳಿತಿದ್ದ ಸಲಾಂ ಅವರಿಗೆ ನ್ಯೂಟ್ರಿನೊ ಕಣದ ಬಗ್ಗೆ ಒಂದು ಹೊಸ ವಿಚಾರ ಹೊಳೆಯಿತು. ಪ್ರಕೃತಿ ಎಡ ಬಲಗಳನ್ನು ಸಮಾನವಾಗಿ ಕಾಣುತ್ತದೆ ಎಂಬ ಅಂದಿನ ದೃಢ ನಂಬಿಕೆಗೆ ಅದು ವಿರುದ್ಧವಾಗಿತ್ತು. ಬರೆದದ್ದನ್ನು ಹಿಡಿದು ಬರ್ಮಿಂಗ್‌ಹ್ಯಾಮಿನ ಪ್ರೊಫೆಸರ್ ಪೈಯೆರ್ಲ್ಸ್ ಅವರಲ್ಲಿಗೆ ಓಡಿದರು. ಅವರು ನಂಬಲಿಲ್ಲ. ಸ್ನೇಹಿತರೊಬ್ಬರ ಮೂಲಕ ಜ್ಯೂರಿಕ್‌ನಲ್ಲಿದ್ದ ಪೌಲಿ ಅವರಿಗೆ ತಲುಪಿಸಿದರು. ನ್ಯೂಟ್ರಿನೊದ ಕಲ್ಪನೆಯನ್ನೇ ಕೊಟ್ಟ ಮಹಾ ವಿಜ್ಞಾನಿ ಅವರು. ಮರುದಿನವೇ ಉತ್ತರ ಬಂತು. ಸಲಾಂ ಇದಕ್ಕಿಂತ ಒಳ್ಳೆಯದೇನಾದರೂ ಯೋಚಿಸಲಿ ಎನ್ನುವ ಅರ್ಥದ ಮಾತು. ಸಲಾಂ ಲೇಖನವನ್ನು ಹರಿದೆಸೆಯಲಿಲ್ಲ. 1957ರಲ್ಲಿ ಇಟಲಿಯ ಪತ್ರಿಕೆಯೊಂದರಲ್ಲಿ ಅದು ಪ್ರಕಟವಾಯಿತು. ಆ ವರ್ಷದ ಜನವರಿಯಲ್ಲೇ ಚೀನಾ ಮೂಲದ ವಿಜ್ಞಾನಿ ಮೇಡಂ ವೂ ಮತ್ತು ಅವರ ಸಂಗಡಿಗರ ಪ್ರಯೋಗ ಎಡ ಬಲಗಳ ಸಮಾನತೆ ಮುರಿಯುತ್ತದೆಂದು ತೋರಿಸಿತ್ತು. ಪೌಲಿ ತಮ್ಮ ಕಡೆಯಿಂದ ಸಲಾಂ ಅವರಿಗೆ ಪತ್ರ ಬರೆದು ಸೌಜನ್ಯ ತೋರಿದರು. 1979ರಲ್ಲಿ ಬೇರೆ ಸಂಶೋಧನೆಗಾಗಿ ನೊಬೆಲ್ ಪ್ರಶಸ್ತಿ ಪಡೆದಾಗ ಸಲಾಂ ತಮ್ಮ ಭಾಷಣದಲ್ಲಿ ಇದನ್ನೆಲ್ಲ ನಗುತ್ತಲೇ ನೆನೆದರು.

ಪೌಲಿ ತಪ್ಪಿದರು ನಿಜ. ಆದರೆ ಅವರು ಓದಿ ತಪ್ಪಿದರು. ಓದಿದವನ ತಪ್ಪನ್ನು ಪ್ರಯೋಗ ತಿದ್ದಬಲ್ಲದು, ಕಾಲ ತಿದ್ದಬಲ್ಲದು. ಓದದೆಯೇ ಒಪ್ಪಿಗೆಯ ಮುದ್ರೆ ಒತ್ತುವವನನ್ನು ಯಾರು ತಿದ್ದಬೇಕು?

ಭಾಷೆಯ ಹೊರೆ

ನಮ್ಮ ಸಂಶೋಧಕರಿಗೆ ಇನ್ನೊಂದು ಕಷ್ಟವಿದೆ. ಯೋಚನೆ ಕನ್ನಡದಲ್ಲಿ, ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಇದೂ ಹೊಸತಲ್ಲ. 1924ರ ಜೂನಿನಲ್ಲಿ ಢಾಕಾ ವಿಶ್ವವಿದ್ಯಾಲಯದ ಸತ್ಯೇಂದ್ರನಾಥ ಬೋಸ್ ತಮ್ಮ ಇಂಗ್ಲಿಷ್ ಲೇಖನವನ್ನು ಐನ್‌ಸ್ಟೈನ್ ಅವರಿಗೆ ಕಳಿಸಿ, ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಬರುವಂತೆ ಮಾಡಿ ಎಂದು ಕೇಳಿಕೊಂಡರು. ಜಗದ್ವಿಖ್ಯಾತ ವಿಜ್ಞಾನಿ ಅಪರಿಚಿತ ಅಧ್ಯಾಪಕನೊಬ್ಬನ ಲೇಖನವನ್ನು ಸ್ವತಃ ಕೂತು ಜರ್ಮನಿಗೆ ಅನುವಾದಿಸಿ, ಕೆಳಗೆ ತಮ್ಮ ಮೆಚ್ಚುಗೆಯ ಟಿಪ್ಪಣಿ ಸೇರಿಸಿ ಪ್ರಕಟಣೆಗೆ ಕೊಟ್ಟರು. ಅದೇ ಬೋಸ್ 1948ರಲ್ಲಿ ಬಂಗಾಳಿಯಲ್ಲಿ ವಿಜ್ಞಾನ ಹರಡಲು ಪರಿಷತ್ತನ್ನು ಕಟ್ಟಿದರು.

ಕನ್ನಡದಲ್ಲಿ ಈ ಪ್ರಯತ್ನ ಅದಕ್ಕೂ ಮೊದಲೇ ನಡೆದಿತ್ತು. ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ಮರುವರ್ಷ ಅದೇ ಕಾಲೇಜಿನ ಎ.ಆರ್. ಕೃಷ್ಣಶಾಸ್ತ್ರಿಗಳಿಂದ ‘ಪ್ರಬುದ್ಧ ಕರ್ನಾಟಕ’ ಹುಟ್ಟಿತು. ರಾಮಾನುಜನ್ ಅವರ ಹಸ್ತಪ್ರತಿ ಬಂದಿಳಿದ ಕಾಲೇಜಿನಲ್ಲೇ ಇವೆರಡೂ ಹುಟ್ಟಿದವು ಎನ್ನುವುದು ನೆನೆಯಬೇಕಾದ ಸಂಗತಿ. ತಿದ್ದುವವರಿರುವ ಕಡೆ ಬರೆಯುವವರೂ ಬೆಳೆಯುತ್ತಾರೆ.

ಮತ್ತೆ ಆ ಹದಿನೆಂಟು ಪುಟಗಳು

2010ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮಗಳು ಅಧ್ಯಾಪಕರ ಲೇಖನಗಳನ್ನು ಬಡ್ತಿಯ ಅಂಕಗಳಾಗಿ ಎಣಿಸತೊಡಗಿದವು. ಅಂಕ ಬೇಕಾದವರು ಹೆಚ್ಚಿದಂತೆ ಅಂಕ ಮಾರುವ ಪತ್ರಿಕೆಗಳೂ ಹೆಚ್ಚಿದವು. 2018ರ ಮೇ ತಿಂಗಳಲ್ಲಿ ಆಯೋಗ ತನ್ನದೇ ಅಂ್ಗೀಕೃತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಮರುವರ್ಷ ಬಂದ ಹೊಸ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟಿತು. ಪಿಎಚ್.ಡಿ.ಗೆ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯ 2022ರಲ್ಲೇ ಹೋಗಿತ್ತು. ಪಟ್ಟಿಗಳು ಬಂದು ಹೋದವು. ಓದದೆ ಒಪ್ಪುವ ಅಂಗಡಿಗಳು ಇನ್ನೂ ತೆರೆದಿವೆ. ಈಗಂತೂ ಕೇಳಿದರೆ ಯಂತ್ರವೇ ಲೇಖನ ಬರೆದುಕೊಡುತ್ತದೆ, ಇಲ್ಲದ ಗ್ರಂಥಗಳ ಹೆಸರನ್ನೂ ಆಧಾರವಾಗಿ ಪೋಣಿಸುತ್ತದೆ. ಪ್ರತಿಯೊಂದು ಮಾತಿಗೂ ಯಾರಿಂದ ಯಾರು ಕೇಳಿದರೆಂಬ ಸರಪಳಿ ಕೇಳುತ್ತಿದ್ದ ಹದೀಸ್ ವಿದ್ವಾಂಸರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರು?

ನಮ್ಮ ಉಪನ್ಯಾಸಕರಿಗೆ ಹಣ ಕಟ್ಟಬೇಡಿ, ದಫ್ತರದ ಫೋಟೊಗಳನ್ನು ತನ್ನಿ ಎಂದೆವು. ನಾಲ್ಕು ಸಂಜೆ ಕೂತು ತಾಳೆ ನೋಡಿದೆವು. ಅವರು ಅಸಲನ್ನು ಗಟ್ಟಿಯಾಗಿ ಓದುತ್ತಿದ್ದರು, ನಮ್ಮ ಬೆರಳು ಅವರ ಹಾಳೆಯ ಮೇಲೆ. ಮೂರನೆಯ ಸಂಜೆ ಒಂದು ಗೇಣಿ ರಸೀದಿಯ ಬಳಿ ಇಬ್ಬರೂ ನಿಂತೆವು. ಅದರ ಮೇಲೆ 1257 ಎಂದಿತ್ತು. ಮಸೀದಿಯ ಉಳಿದ ಕಾಗದಗಳಂತೆ ಇದೂ ಹಿಜರಿ ವರ್ಷವೆಂದು ಅವರು 1841 ಎಂದು ಬರೆದಿದ್ದರು. ಆದರೆ ರಸೀದಿ ಕಂದಾಯದ ಲೆಕ್ಕಕ್ಕೆ ಸೇರಿದ್ದು. ಮದ್ರಾಸ್ ಆಡಳಿತದ ಕಂದಾಯ ಲೆಕ್ಕಗಳು ಫಸಲಿ ವರ್ಷದಲ್ಲಿ ನಡೆಯುತ್ತಿದ್ದವು. ಫಸಲಿಗೆ 590 ಕೂಡಿಸಬೇಕು. ಅಂದರೆ ಅದು 1847. ಆರು ವರ್ಷದ ವ್ಯತ್ಯಾಸ. ದಾನಪತ್ರಕ್ಕಿಂತ ಮೊದಲೇ ಗೇಣಿ ಸಲ್ಲುತ್ತಿತ್ತೆಂಬ ಅವರ ವಾದ ನಿಂತಿದ್ದು ಆ ಒಂದು ರಸೀದಿಯ ಮೇಲೆ. ಆ ಜಮೀನಿನ ಬಗ್ಗೆ ಊರಿನ ಎರಡು ಮನೆತನಗಳ ನಡುವೆ ಇಂದಿಗೂ ಮಾತು ನಿಂತಿಲ್ಲ. ಅಚ್ಚಾದ ಒಂದು ತಪ್ಪು ಇಸವಿ ನಾಳೆ ಯಾರದೋ ಕೈಯಲ್ಲಿ ದಾಖಲೆಯಾಗಿ ಬಿಡುತ್ತಿತ್ತು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಪೆನ್ನು ತೆಗೆದು 1841ರ ಮೇಲೆ ಗೆರೆ ಎಳೆದರು. ಅಡಿಯ ಅಂಕಿ ಕಾಣುವಂತೆಯೇ ಎಳೆದರು. ಪಕ್ಕದಲ್ಲಿ 1847 ಎಂದು ಬರೆದರು.

ಲೇಖನ ಈಗ ಅರ್ಧ ಬದಲಾಗಿದೆ. ಬೇರೊಂದು ಪತ್ರಿಕೆಗೆ ಕಳಿಸಿದ್ದರು. ನಾಲ್ಕು ತಿಂಗಳ ಮೇಲೆ ಎರಡು ಪುಟ ಆಕ್ಷೇಪಣೆಗಳೊಂದಿಗೆ ಹಿಂದೆ ಬಂದಿದೆ. ಮೊನ್ನೆ ಫೋನ್ ಮಾಡಿ, “ಈ ಸಲ ಯಾರೋ ಓದಿದ್ದಾರೆ ಸರ್” ಎಂದರು. ದನಿಯಲ್ಲಿ ದಣಿವಿತ್ತು, ಖುಷಿಯೂ ಇತ್ತು. ಆಕ್ಷೇಪಣೆಗಳನ್ನು ಹಿಡಿದುಕೊಂಡು ಈ ಭಾನುವಾರ ಮತ್ತೆ ಬರುತ್ತಾರೆ. ಮೇಜು ಖಾಲಿ ಮಾಡಿಟ್ಟಿದ್ದೇವೆ.